ನಾಲ್ಕನೇ ಮಹಡಿಯ ‘ರ್’

1962, ನ್ಯೂಯಾರ್ಕ್. ವಿಲಿಯಂ ಲೆಬೋವ್ ಅನ್ನೋ ಸಂಶೋಧಕ ಮೂರು ಡಿಪಾರ್ಟ್‌ಮೆಂಟ್ ಸ್ಟೋರ್ ಸುತ್ತುತ್ತಾರೆ. ಏನೂ ಕೊಳ್ಳಲ್ಲ. ನಾಲ್ಕನೇ ಮಹಡಿಯಲ್ಲಿರೋ ಸಾಮಾನು ಎಲ್ಲಿದೆ ಅಂತ ಕೇಳ್ತಾರೆ, ಅಷ್ಟೇ. ಉತ್ತರ: ‘ಫೋರ್ತ್ ಫ್ಲೋರ್’. ಅದರಲ್ಲಿ ‘ರ್’ ಕೇಳಿಸುತ್ತಾ, ಇಲ್ಲಾ ‘ಫೋತ್ ಫ್ಲೋ’ ಅಂತಾರಾ? ಅದನ್ನೇ ಬರ್ಕೊಳ್ತಾರೆ.

ಒಟ್ಟು 264 ಸಿಬ್ಬಂದಿ. ದುಬಾರಿ ಸ್ಯಾಕ್ಸ್‌ನಲ್ಲಿ ಶೇ. 62 ಜನರ ಬಾಯಲ್ಲಿ ಒಮ್ಮೆಯಾದರೂ ‘ರ್’ ಬಂತು, ಅಗ್ಗದ ಎಸ್. ಕ್ಲೈನ್‌ನಲ್ಲಿ ಸುಮಾರು ಶೇ. 20.

ನಿಜವಾದ ಅಚ್ಚರಿ ಸಿಕ್ಕಿದ್ದು ಲೋವರ್ ಈಸ್ಟ್ ಸೈಡ್‌ನ ಮನೆಗಳಲ್ಲಿ. ‘ನೀವು ಹೇಗೆ ಹೇಳ್ತೀರಿ?’ ಅಂತ ಕೇಳಿದ್ರೆ, ‘ರ್’ ಬಿಟ್ಟು ಮಾತಾಡೋರೂ ‘ರ್’ ಹೇಳ್ತೀವಿ ಅಂದ್ರು. ಸುಳ್ಳಲ್ಲ ಫ್ರೆಂಡ್ಸ್. ತಮ್ಮ ಊರಿನ ಮಾತಿನ ಬಗ್ಗೆ ಅವರಿಗೇ ನಾಚಿಕೆ ಇತ್ತು. ಹೇಗೆ ಮಾತಾಡಬೇಕು ಅಂದುಕೊಂಡಿದ್ರೋ, ಹಾಗೇ ಮಾತಾಡ್ತಿದ್ದೀವಿ ಅಂತ ನಂಬಿದ್ರು.

ನಿಮ್ಮ ಹಳೇ ವಾಯ್ಸ್ ನೋಟ್ ಒಂದ್ಸಲ ಕೇಳಿ ನೋಡಿ.