ಚಿಗರಿ ಹಾವಳಿ ಮತ್ತು ಬೇಟೆ ನಿಯಂತ್ರಣ: ಬಾಗಲಕೋಟೆ ಸೀಮೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸುತ್ತಿನ ಬಯಲಿನಲ್ಲಿ ಹುಲ್ಲೆಗಳ ಬೇಟೆ, ಅದರ ನಿಷೇಧ ಮತ್ತು ಬೆಳೆ ರಕ್ಷಣೆಯ ಚರಿತ್ರೆ. ಇಲ್ಲಿಯ ಜನ ಚಿಗರಿ ಎನ್ನುವ ಕೃಷ್ಣಮೃಗ ಮತ್ತು ಚಿಂಕಾರಗಳು ಪ್ರಾಣಿಶಾಸ್ತ್ರದ ಪ್ರಕಾರ ಜಿಂಕೆಯ ವಂಶದವಲ್ಲ; ಕೊಂಬು ಉದುರದ ಇವು ದನ, ಆಡುಗಳ ಕುಟುಂಬಕ್ಕೆ ಸೇರಿದವು. ಕೃಷ್ಣಮೃಗ ಎರೆಭೂಮಿಯಲ್ಲಿ ಹಿಂಡುಗಟ್ಟಿ ಮೇಯುತ್ತದೆ. ಚಿಂಕಾರ ಕಲ್ಲುಗುಡ್ಡದ ಕುರುಚಲಿನಲ್ಲಿ ಒಂಟಿಯಾಗಿ, ಇಲ್ಲವೇ ಎರಡು ಮೂರರ ಗುಂಪಿನಲ್ಲಿರುತ್ತದೆ. ಬೆಳೆಹಾನಿಯ ದೂರು ಬಹುಪಾಲು ಕೃಷ್ಣಮೃಗದ ಮೇಲೆಯೇ.

ಈ ನೆಲದಲ್ಲಿ ಬೇಟೆ ಬೇಸಾಯಕ್ಕಿಂತ ಹಳೆಯದು. ಬಾದಾಮಿ ಬಳಿಯ ಸಿಡಿಲಫಡಿಯ ಕಲ್ಲಾಸರೆಯಲ್ಲಿ ಇತಿಹಾಸಪೂರ್ವ ಕಾಲದ ಚಿತ್ರಗಳು ಇಂದಿಗೂ ಕಾಣುತ್ತವೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಿಂಕೆ ಬೇಟೆಯ ಬಗೆಗಳ ವಿಸ್ತಾರವಾದ ವಿವರಣೆ ಇದೆ. ಅದು ಅರಸರ ವಿನೋದ. ಊರ ಬೇಡರಿಗೆ ಬೇಟೆಯೆಂದರೆ ಹೊಟ್ಟೆಪಾಡು, ಜೊತೆಗೆ ಹೊಲದ ಕಾವಲು. ತೆಳು ಮೈಯ, ಓಟಕ್ಕೆ ಹೆಸರಾದ ಮುಧೋಳ ನಾಯಿ ಮೊಲ ಮತ್ತು ಚಿಗರಿಗಳನ್ನು ಬೆನ್ನಟ್ಟುವ ಈ ಬಯಲಿನ ಬೇಟೆಯಿಂದಲೇ ಬೆಳೆದು ಬಂದ ತಳಿ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಅದನ್ನು ಪೋಷಿಸಿ, ದೊರೆ ಐದನೆಯ ಜಾರ್ಜ್‌ಗೂ ಕಾಣಿಕೆಯಾಗಿ ಕೊಟ್ಟರು.

ಬೇಟೆಯ ಮೇಲೆ ಸರ್ಕಾರದ ಹತೋಟಿ ಇಲ್ಲಿ ಆರಂಭವಾದದ್ದು ಪ್ರಾಣಿಗಳ ಮೇಲಿನ ಕಾಳಜಿಯಿಂದಲ್ಲ, ಆಯುಧದ ಭಯದಿಂದ. 1857ರಲ್ಲಿ ಬ್ರಿಟಿಷರು ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳುವುದನ್ನು ನಿಷೇಧಿಸಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ನಿರಾಕರಿಸಿದರು. ತಲೆಮಾರುಗಳಿಂದ ಕೈಯಲ್ಲಿದ್ದ ಆಯುಧವನ್ನು ಕೊಡುವುದೆಂದರೆ ಅವರಿಗೆ ಮಾನವನ್ನೂ ಅನ್ನವನ್ನೂ ಕೊಟ್ಟಂತೆ. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಬೆಂಕಿ ಹಚ್ಚಿತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಲಾಯಿತು. ಆ ದಂಗೆಯ ಲಾವಣಿಯನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ ಮುಂದೆ ಸಂಗ್ರಹಿಸಿ ಪ್ರಕಟಿಸಿದರು. ಬೇಟೆಯ ಕಾನೂನಿನ ಚರಿತ್ರೆ ಬರೆಯುವವರು ಹಲಗಲಿಯನ್ನು ಬಿಟ್ಟು ಬರೆಯಬಾರದು. ಬಡವನ ಬೇಟೆ ಇಲ್ಲಿ ಅಪರಾಧವಾದ ನಂತರವೂ ಸಾಹೇಬರ, ಸಂಸ್ಥಾನಿಕರ ಶಿಕಾರಿ ಮುಂದುವರಿಯಿತು. ನೆರೆಯ ಕೊಲ್ಹಾಪುರದ ಮಹಾರಾಜರು ಕೃಷ್ಣಮೃಗದ ಬೇಟೆಗೆಂದು ಚೀತಾಗಳನ್ನು ಆಫ್ರಿಕಾದಿಂದಲೂ ತರಿಸಿದ್ದರು.

ಅದೇ ಕಾಲದಲ್ಲಿ ತೋಳ ಕೊಂದವರಿಗೆ ಸರ್ಕಾರ ಬಹುಮಾನ ಕೊಡುತ್ತಿತ್ತು. ಭಾರತದಲ್ಲಿ ಚೀತಾ ಅಳಿದಿದೆಯೆಂದು 1952ರಲ್ಲಿ ಘೋಷಣೆಯಾಯಿತು, ತೋಳಗಳು ವಿರಳವಾದವು. ಚಿಗರಿಯ ಹಿಂಡನ್ನು ಹಿಡಿತದಲ್ಲಿಡುತ್ತಿದ್ದ ಎರಡೂ ಪ್ರಾಣಿಗಳು ಹೀಗೆ ಹಿಂದೆ ಸರಿದವು.

1878ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕಿಗೆ ಪರವಾನಗಿ ಕಡ್ಡಾಯಗೊಳಿಸಿತು. 1959ರ ಕಾಯ್ದೆಯಲ್ಲಿ ಬೆಳೆ ಕಾಯಲು ಮದ್ದು ತುಂಬುವ ನಾಡಬಂದೂಕಿಗೆ ಪ್ರತ್ಯೇಕ ಅವಕಾಶವಿದೆ. ಈ ಭಾಗ ಮುಂಬಯಿ ರಾಜ್ಯದಲ್ಲಿದ್ದಾಗ 1951ರ ವನ್ಯಪ್ರಾಣಿ ಮತ್ತು ಪಕ್ಷಿ ರಕ್ಷಣಾ ಕಾಯ್ದೆ ಅನ್ವಯಿಸುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಕೆಲವು ಪ್ರಾಣಿಗಳ ಪರವಾನಗಿ ಬೇಟೆಯನ್ನು ಉಳಿಸಿಕೊಂಡಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಕೃಷ್ಣಮೃಗ, ಚಿಂಕಾರ ಎರಡೂ ಈಗ ಮೊದಲ ಅನುಸೂಚಿಯಲ್ಲಿವೆ. ಇವನ್ನು ಕೊಂದರೆ 3ರಿಂದ 7 ವರ್ಷ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡ. ಬೆಳೆ ಹಾಳುಮಾಡಿದ್ದು ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಕಾರಣವಾಗದು. ಮನುಷ್ಯರ ಜೀವಕ್ಕೆ ಅಪಾಯವಿದ್ದರೆ ಇಲ್ಲವೇ ಪ್ರಾಣಿ ಚೇತರಿಸಿಕೊಳ್ಳಲಾಗದಷ್ಟು ಗಾಯಗೊಂಡಿದ್ದರೆ, ರೋಗಗ್ರಸ್ತವಾಗಿದ್ದರೆ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು.

ಕಾನೂನು ಚಿಗರಿಯನ್ನು ಉಳಿಸಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಬೆಲೆ ತೆತ್ತವನು ಒಣಬೇಸಾಯದ ರೈತ. ಪಕ್ಕದ ಗದಗ, ಕೊಪ್ಪಳ ಜಿಲ್ಲೆಗಳ ಎರೆಹೊಲಗಳಲ್ಲಿ ಕಡಲೆ, ಹೆಸರು, ಶೇಂಗಾ ಮೊಳೆತು ಎರಡೆಲೆ ಬಿಡುವ ಹೊತ್ತಿಗೆ ಹಿಂಡು ಬರುತ್ತದೆ. ಮೇಯ್ದಷ್ಟೇ ತುಳಿತದಿಂದಲೂ ನಷ್ಟ. ರೈತರು ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ, ಬೆದರುಬೊಂಬೆ ನಿಲ್ಲಿಸುತ್ತಾರೆ, ಪಟಾಕಿ ಸಿಡಿಸುತ್ತಾರೆ, ರಾತ್ರಿಯಿಡೀ ಕಾಯುತ್ತಾರೆ. ಅಟ್ಟಿದ ಹಿಂಡು ನೆರೆಯವನ ಹೊಲಕ್ಕೆ ಹೋಗುತ್ತದೆ, ಅಷ್ಟೆ. ಮಳೆಯನ್ನೇ ನಂಬಿದವನಿಗೆ ಒಮ್ಮೆ ಬಿತ್ತಿದ್ದು ಹೋದರೆ ಮತ್ತೆ ಬಿತ್ತಲು ಹಸಿ ಉಳಿದಿರುವುದಿಲ್ಲ. ಬೆಳೆಹಾನಿಗೆ ಅರಣ್ಯ ಇಲಾಖೆಯ ಪರಿಹಾರವಿದೆ. ಆದರೆ ಕಳೆದುಹೋದ ಹಂಗಾಮು ಹಣದಿಂದ ಮರಳಿ ಬರುವಂಥದ್ದಲ್ಲ.

ಅಭಯಾರಣ್ಯಗಳು ಒಂದು ಉತ್ತರವಾಗಿ ಬಂದವು. ಕೃಷ್ಣಮೃಗಕ್ಕಾಗಿ 119 ಚದರ ಕಿ.ಮೀ. ವಿಸ್ತಾರದ ರಾಣೆಬೆನ್ನೂರು ಅಭಯಾರಣ್ಯ 1974ರಲ್ಲಿ ಆಯಿತು. ಅಲ್ಲಿ ನೀಲಗಿರಿ ನೆಡುತೋಪುಗಳು ಹುಲ್ಲುಬಯಲನ್ನು ಆಕ್ರಮಿಸಿದ್ದು ಇಲಾಖೆಯದೇ ದೊಡ್ಡ ತಪ್ಪು. ಬೀಳಗಿ, ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ 2016ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 96.36 ಚದರ ಕಿ.ಮೀ. ಅಲ್ಲಿ ತೋಳಗಳೂ ಇವೆ. ಹಲಗಲಿ ಇದೇ ಮುಧೋಳ ತಾಲ್ಲೂಕಿನ ಊರು.

ಹೊರದೇಶಗಳಲ್ಲಿ ದಾರಿ ಬೇರೆ. ನ್ಯೂಜಿಲೆಂಡ್ ತಾನೇ ತಂದು ಬಿಟ್ಟ ಕೆಂಪು ಜಿಂಕೆಗಳನ್ನು ಕೊಲ್ಲಲು 1930ರ ದಶಕದಿಂದ ಸಂಬಳದ ಬೇಟೆಗಾರರನ್ನು ನೇಮಿಸಿತು. ಅಮೆರಿಕದ ಹಲವು ರಾಜ್ಯಗಳು ಸಾರ್ವಜನಿಕ ಉದ್ಯಾನಗಳಲ್ಲೂ ನಿಗದಿತ ದಿನಗಳಲ್ಲಿ ಜಿಂಕೆ ಬೇಟೆಗೆ ಅನುಮತಿ ಕೊಡುತ್ತವೆ. ನಮ್ಮ ಕೃಷ್ಣಮೃಗವನ್ನೇ 1932ರಲ್ಲಿ ಟೆಕ್ಸಾಸ್‌ಗೆ ಒಯ್ದು ಬೆಳೆಸಿದರು. ಅಲ್ಲಿನ ಖಾಸಗಿ ಜಮೀನುಗಳಲ್ಲಿ ಹಣ ತೆತ್ತು ಅದನ್ನು ಬೇಟೆಯಾಡುತ್ತಾರೆ.

ಆ ಮಾದರಿಯನ್ನು ಇಲ್ಲಿಗೆ ತರುವುದು ಸರಿಯಲ್ಲ. ನ್ಯೂಜಿಲೆಂಡಿಗೆ ಜಿಂಕೆ ಹೊರಗಿನದು. ಚಿಗರಿ ಈ ಬಯಲಿನ ಮೂಲವಾಸಿ. 1972ರ ಕಾಯ್ದೆಯ 12ನೆಯ ಕಲಮು ಕೊಲ್ಲದೆ, ವಿಷವಿಡದೆ ಸಂಖ್ಯೆಯನ್ನು ನಿರ್ವಹಿಸಲು ಮತ್ತು ಬೇರೆ ಆವಾಸಕ್ಕೆ ಸ್ಥಳಾಂತರಿಸಲು ಅವಕಾಶ ಕೊಡುತ್ತದೆ. ಮಧ್ಯಪ್ರದೇಶ 2025ರ ಅಕ್ಟೋಬರ್‌ನಲ್ಲಿ ಶಾಜಾಪುರ ಕಡೆಯ ಹೊಲಗಳಿಂದ 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಹೆಲಿಕಾಪ್ಟರ್ ನೆರವಿನಿಂದ ಅಟ್ಟಿ ಹಿಡಿದು ಸಾಗಿಸಿತು. ಹಾಗೆ ಹಿಡಿದದ್ದನ್ನು ಬಿಡಲು ಹುಲ್ಲುಬಯಲು ಬೇಕು. ಒತ್ತುವರಿಯಾದ ಗಾಯರಾಣ ಜಮೀನುಗಳನ್ನು ಅಳೆದು ಬಿಡಿಸಿಕೊಳ್ಳುವುದು ಮತ್ತು ಬೆಳೆ ಪರಿಹಾರವನ್ನು ಅದೇ ಹಂಗಾಮಿನಲ್ಲಿ ರೈತನ ಕೈಗೆ ತಲುಪಿಸುವುದು ಕಂದಾಯ ಮತ್ತು ಅರಣ್ಯ ಇಲಾಖೆಗಳು ಮೊದಲು ಮಾಡಬೇಕಾದ ಕೆಲಸ.