ಹೃದಯವನ್ನು ಹೊಕ್ಕ ನಳಿಗೆ

1929ರಲ್ಲಿ, ಬರ್ಲಿನ್ನಿಗೆ ಸಮೀಪದ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿದ್ದ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನು, ಹಿರಿಯರ ನಿಷೇಧವನ್ನು ಮೀರಿ, ಪ್ರಯೋಗಕ್ಕೆ ತಾನೇ ಒಪ್ಪಿ ಮಲಗಿದ್ದ ದಾದಿಯನ್ನು ಮೇಜಿಗೆ ಬಿಗಿದು, ಅವಳಿಗೆ ತಿಳಿಯದಂತೆ ತನ್ನ ಎಡಮೊಳಕೈಯ ಅಭಿಧಮನಿಯನ್ನು ಕೊಯ್ದು, ಮೂತ್ರನಾಳದ ಚಿಕಿತ್ಸೆಗೆಂದಿದ್ದ ತೆಳುನಳಿಗೆಯನ್ನು ಒಳಕ್ಕೆ ನೂಕಿ, ಅದು ತೋಳಿನಲ್ಲಿ ಜೋಲುತ್ತಿರುವಂತೆಯೇ ಮೆಟ್ಟಲಿಳಿದು ಕ್ಷಕಿರಣದ ಕೋಣೆಗೆ ನಡೆದು, 65 ಸೆಂಟಿಮೀಟರಿನಷ್ಟು ಒಳಸೇರಿದ ಅದರ ತುದಿ ಬಲ ಹೃತ್ಕರ್ಣವನ್ನು ಮುಟ್ಟಿದುದನ್ನು ಚಿತ್ರದಲ್ಲಿ ಹಿಡಿಸಿದನು. ಆತನ ಉದ್ದೇಶ ಹೃದಯವನ್ನು ಅಳೆಯುವುದಾಗಿರಲಿಲ್ಲ. ಎದೆಗೆ ಸೂಜಿ ಚುಚ್ಚದೆ ಔಷಧವನ್ನು ನೇರವಾಗಿ ಅಲ್ಲಿಗೆ ಮುಟ್ಟಿಸುವುದಾಗಿತ್ತು. ಮನ್ನಣೆ ದೊರೆಯದೆ ಮುಂದೆ ಆತನು ಮೂತ್ರರೋಗಗಳ ಶಸ್ತ್ರವೈದ್ಯನಾದನು. ನಳಿಗೆ ತನ್ನ ತವರಿಗೆ ಮರಳಿತೆನ್ನಬೇಕು! ಅದನ್ನು ಮಾಪನದ ಸಾಧನವನ್ನಾಗಿ ಬೆಳೆಸಿದವರು ನ್ಯೂಯಾರ್ಕಿನ ಕೂರ್ನಾನ್ ಮತ್ತು ರಿಚರ್ಡ್ಸ್. 1956ರ ನೊಬೆಲ್ ಪಾರಿತೋಷಕ ಮೂವರಿಗೂ ಸಂದಿತು.

ಆದರೆ ಹೃದಯಾಘಾತಕ್ಕೀಡಾಗಿ ಹಾಸಿಗೆಯಿಂದ ಅಲುಗಿಸಲಾಗದ ರೋಗಿಗೆ, ಕ್ಷಕಿರಣದ ನೆರವಿಲ್ಲದೆ ದಾರಿ ಕಾಣದ ಆ ಗಡುಸು ನಳಿಗೆಯಿಂದ ಪ್ರಯೋಜನವೇನು? ಲಾಸ್ ಏಂಜಲಿಸ್‌ನ ಜೆರೆಮಿ ಸ್ವಾನ್, ಸಾಂಟಾ ಮೋನಿಕಾದ ಕಡಲಿನಲ್ಲಿ ಹಾಯಿದೋಣಿಯೊಂದು ಗಾಳಿಗೆ ಉಬ್ಬಿ ಸಾಗುತ್ತಿದ್ದುದನ್ನು ಕಂಡು ಉಪಾಯ ಹೊಳೆಯಿತೆಂದು ಹೇಳಿಕೊಂಡಿದ್ದಾನೆ. ವಿಲಿಯಂ ಗಾಂಜ್ ಮೊದಲಾದವರೊಡಗೂಡಿ ಆತನು 1970ರಲ್ಲಿ ಪ್ರಕಟಿಸಿದ ಮೆದುವಾದ ನಳಿಗೆಯ ತುದಿಯಲ್ಲಿ ಪುಟ್ಟದೊಂದು ಬಲೂನಿತ್ತು. ಹೃತ್ಕರ್ಣದಲ್ಲಿ ಅದನ್ನು ಉಬ್ಬಿಸಿದೊಡನೆ ರಕ್ತಪ್ರವಾಹವೇ ಅದನ್ನು ಮುಂದಕ್ಕೊಯ್ಯುವುದು. ಹಾಸಿಗೆಯ ಬದಿಯ ಪರದೆಯ ಮೇಲೆ ಒತ್ತಡದ ರೇಖೆ ಮೂಡುವುದು: ಮೊದಲು ಬಲ ಹೃತ್ಕರ್ಣದ ತಗ್ಗಿನ ಅಲೆ, ಬಳಿಕ ಹೃತ್ಕುಕ್ಷಿಯ ಚೂಪಾದ ಶಿಖರ, ಆಮೇಲೆ ಶ್ವಾಸಕೋಶದ ಧಮನಿಗೆ ಸೇರಿದೊಡನೆ ಅಡಿಯಂಚು ಮೇಲೇರಿದ ಅಲೆ, ಕಡೆಗೆ ಬಲೂನು ಕಿರುಗವಲಿನಲ್ಲಿ ಸಿಕ್ಕಿ ನಿಂತಾಗ ಮತ್ತೆ ತಗ್ಗಿದ ರೇಖೆ. ಆ ಕಡೆಯ ರೇಖೆ ತೋರುವ ಅಂಕಿಯೇ ಎಡ ಹೃತ್ಕರ್ಣದ ಒತ್ತಡದ ಸೂಚಕ. ಅದು 18 ಮಿಲಿಮೀಟರು ಪಾದರಸವನ್ನು ಮೀರಿತೆಂದರೆ ಶ್ವಾಸಕೋಶದಲ್ಲಿ ನೀರು ತುಂಬುವ ಭಯ. ತಣ್ಣನೆಯ ದ್ರವವನ್ನು ಹೊಗಿಸಿ, ತಾಪದ ಏರಿಳಿತದಿಂದ ಹೃದಯವು ನಿಮಿಷಕ್ಕೆ ಎಷ್ಟು ರಕ್ತವನ್ನು ದೂಡುವುದೆಂಬುದನ್ನು ಗಣಿಸುವ ವಿಧಾನವನ್ನು ಗಾಂಜ್ ಜೋಡಿಸಿದನು.

ಇಷ್ಟು ಸ್ಪಷ್ಟವಾದ ಅಂಕಿಗಳು ಕೈಗೆಟುಕಿದ ಮೇಲೆ ನಳಿಗೆಯಿಲ್ಲದ ತೀವ್ರನಿಗಾ ಘಟಕವೇ ವಿರಳವಾಯಿತು. ಉಪಯುಕ್ತತೆಯನ್ನು ಪರೀಕ್ಷಿಸಬೇಕೆಂದವರಿಗೆ, ಪ್ರತ್ಯಕ್ಷಕ್ಕೆ ಪ್ರಮಾಣವೇಕೆ ಎಂಬ ಧಾಟಿಯ ಉತ್ತರ ದೊರೆಯುತ್ತಿತ್ತೆಂದು ತೋರುತ್ತದೆ. 1996ರಲ್ಲಿ ಅಮೆರಿಕದ ಕಾನರ್ಸ್ ಮತ್ತು ಸಂಗಡಿಗರು 5,735 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ, ನಳಿಗೆ ಹಾಕಿಸಿಕೊಂಡವರಲ್ಲಿಯೇ ಮರಣ ಹೆಚ್ಚೆಂದು ವರದಿ ಮಾಡಿದಾಗ ಕೋಲಾಹಲವೆದ್ದಿತು. 2005ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ಯಾಕ್‌ಮ್ಯಾನ್ ಮತ್ತು ಅಮೆರಿಕದ ಎಸ್ಕೇಪ್ ಪ್ರಯೋಗಗಳು, ಅದರಿಂದ ಮರಣ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲವೆಂದು ಕಂಡವು. ನನಗೆ ಇದು ಅಚ್ಚರಿಯೆನಿಸದು: ನಳಿಗೆ ಒತ್ತಡವನ್ನು ತಿಳಿಸುತ್ತದೆ, ತಿಳಿದ ಬಳಿಕ ಏನು ಮಾಡಬೇಕೆಂಬಲ್ಲಿ ವೈದ್ಯರೊಳಗೇ ಏಕಮತವಿರಲಿಲ್ಲ. ಅಷ್ಟರಲ್ಲಿ ಚರ್ಮವನ್ನು ಭೇದಿಸದೆಯೇ ಹೃದಯವನ್ನು ತೋರಿಸುವ ಎಕೋ ಯಂತ್ರವೂ ಹಾಸಿಗೆಯ ಬದಿಗೆ ಬಂದಿತ್ತು. ಈಗ ಆ ನಳಿಗೆಯು ಹೃದಯಾಘಾತದಿಂದ ರಕ್ತದೊತ್ತಡ ಕುಸಿದವರು, ಕಸಿಗೆ ಸಿದ್ಧರಾಗುವವರು ಮೊದಲಾದ ಕೆಲವರಿಗೆ ಮೀಸಲಾಗಿದೆ.