ಮನೆಗಿಂತ ಮೊದಲು ಬೀದಿ: ಮೈಸೂರಿನ ಸಿಐಟಿಬಿ ಹಾಕಿಕೊಟ್ಟ ದಾರಿ

ಮೈಸೂರು ಸಂಸ್ಥಾನ 1903ರಲ್ಲಿ ಮೈಸೂರು ನಗರ ಸುಧಾರಣಾ ಕಾಯ್ದೆಯನ್ನು ಜಾರಿಗೆ ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ವಹಿಸಿಕೊಂಡದ್ದು ಅದರ ಹಿಂದಿನ ವರ್ಷವಷ್ಟೇ. ಆಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ. ಆ ಕಾಯ್ದೆಯಿಂದ ಹುಟ್ಟಿದ್ದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. ಜನ ಅದನ್ನು ‘ಸಿಐಟಿಬಿ’ ಎಂದೇ ಕರೆದರು. ಮುಂದೆ ಅದು ನಗರಾಭಿವೃದ್ಧಿ ಪ್ರಾಧಿಕಾರವಾಗಿ ‘ಮುಡಾ’ ಎನಿಸಿಕೊಂಡಿತು. ಈಗ 2024ರ ಪ್ರತ್ಯೇಕ ಕಾಯ್ದೆಯ ಮೂಲಕ ಮೈಸೂರು ಅಭಿವೃದ್ಧಿ ಪ್ರಾಧಿಕಾರವಾಗಿದೆ.

ಮೈಸೂರು ನಗರದ ಈ ಸಂಸ್ಥೆಯನ್ನು ಕವಲಂದೆ ಹೋಬಳಿಯವರಾದ ನಾವು ನೆನೆಯಲು ಕಾರಣವಿದೆ. ಅದರ ಅಧಿಕಾರದ ಎಲ್ಲೆ ಇಂದು ಮೈಸೂರಿಗೆ ನಿಂತಿಲ್ಲ. ಸರ್ಕಾರಿ ಕಡತಗಳಲ್ಲಿ ಆ ವ್ಯಾಪ್ತಿಯ ಹೆಸರೇ ‘ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶ’. ಕಪಿಲೆಯ ದಂಡೆಯವರೆಗೆ ಬಂದಿರುವ ಪಟ್ಟಣ ನಮ್ಮ ಹೊಲಗಳ ಕಡೆಗೂ ಕಾಲಿಡುತ್ತಿದೆ. ಇಂಥ ಹೊತ್ತಿನಲ್ಲಿ ಹಿರಿಯರು ಈ ಸಂಸ್ಥೆಯನ್ನು ಯಾಕೆ ಕಟ್ಟಿದರು, ಹೇಗೆ ನಡೆಸಿದರು ಎಂಬುದು ನಮಗೆ ಗೊತ್ತಿರಬೇಕು.

ಪ್ಲೇಗು ಕಲಿಸಿದ ಪಾಠ

1891ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 74 ಸಾವಿರ. ಹತ್ತು ವರ್ಷ ಕಳೆದು 1901ಕ್ಕೆ ಅದು ಸುಮಾರು 68 ಸಾವಿರಕ್ಕೆ ಇಳಿದಿತ್ತು. ಬೆಳೆಯಬೇಕಿದ್ದ ರಾಜಧಾನಿ ಕುಗ್ಗಿತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿ, ಬೇಗನೆ ಮೈಸೂರಿಗೂ ಹಬ್ಬಿತ್ತು. ಇಲಿ ಬಿದ್ದ ಸುದ್ದಿ ಕೇಳಿದರೆ ಸಾಕು, ಜನ ಮನೆಗೆ ಬೀಗ ಜಡಿದು ಹೊಲದ ಗುಡಿಸಲಿಗೆ ಹೊರಡುತ್ತಿದ್ದರು. ಹಳೆಯ ಮೈಸೂರಿನ ಎಷ್ಟೋ ಊರುಗಳಲ್ಲಿ ಇಂದಿಗೂ ಇರುವ ಪ್ಲೇಗಮ್ಮನ ಗುಡಿಗಳು ಆ ದಿನಗಳ ಗುರುತು.

ರೋಗಕ್ಕೆ ಔಷಧವಿರಲಿಲ್ಲ. ಆದರೆ ಅದು ಎಲ್ಲಿ ಬಲಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಗೋಡೆಗೆ ಗೋಡೆ ಅಂಟಿದ ಮನೆಗಳು, ಬಿಸಿಲು ಬೀಳದ ಓಣಿ, ಹರಿಯದೆ ನಿಂತ ಚರಂಡಿ ಇದ್ದ ಕಡೆಯಲ್ಲೆಲ್ಲ ಸಾವು ಹೆಚ್ಚು. ಮುಂಬಯಿ ಇದಕ್ಕಾಗಿ 1898ರಲ್ಲೇ ಸುಧಾರಣಾ ಟ್ರಸ್ಟ್ ಕಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ಮೈಸೂರು ಆ ದಾರಿಯಲ್ಲಿ ಮುಂದೆ ಹೋಗಿ, ಊರು ಬೆಳೆಸುವ ಕೆಲಸಕ್ಕೇ ಮೀಸಲಾದ ಶಾಶ್ವತ ಮಂಡಳಿಯನ್ನು ಮಾಡಿತು. ಇಂಗ್ಲೆಂಡಿನಲ್ಲಿ ಎಬೆನೆಜರ್ ಹೊವಾರ್ಡ್ ಅವರ ಕನಸಿನ ಮೊದಲ ಉದ್ಯಾನ ನಗರಿ ಲೆಚ್‌ವರ್ತ್ ಶುರುವಾದದ್ದೂ ಅದೇ 1903ರಲ್ಲಿ. ಊರನ್ನು ಮೊದಲು ಯೋಚಿಸಿ ಆಮೇಲೆ ಕಟ್ಟಬೇಕೆಂಬ ವಿಚಾರದಲ್ಲಿ ಮೈಸೂರು ಯಾರಿಗೂ ಹಿಂದೆ ಬಿದ್ದಿರಲಿಲ್ಲ.

ಬೋರ್ಡಿನ ಕ್ರಮ

ಪುರಸಭೆ ಇರುವಾಗ ಮತ್ತೊಂದು ಮಂಡಳಿ ಯಾಕೆ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಇರುವ ಊರಿಗೆ ದೀಪ, ನೀರು, ಕಸದ ವ್ಯವಸ್ಥೆ ನೋಡುವುದು ಪುರಸಭೆಯ ಕೆಲಸ. ಟ್ರಸ್ಟ್ ಬೋರ್ಡಿನ ಕೆಲಸ ಇನ್ನೂ ಇಲ್ಲದ ಊರಿಗೆ ನೆಲ ಸಿದ್ಧಪಡಿಸುವುದು. ಮೊದಲು ಜಮೀನು ಪಡೆದು ಅಳತೆ ಮಾಡಬೇಕು. ಆಮೇಲೆ ರಸ್ತೆ, ಚರಂಡಿ, ಉದ್ಯಾನಕ್ಕೆ ಜಾಗ ಗುರುತಿಸಬೇಕು. ಉಳಿದದ್ದನ್ನು ನಿವೇಶನ ಮಾಡಿ ಷರತ್ತಿನ ಮೇಲೆ ಹಂಚಬೇಕು. ಮನೆ ಏಳುವುದು ಕೊನೆಗೆ. ನಿವೇಶನದಿಂದ ಬಂದ ಹಣ ಮುಂದಿನ ಬಡಾವಣೆಗೆ ಬಂಡವಾಳವಾಗಬೇಕು. ಬೋರ್ಡಿನ ಶಕ್ತಿಯೆಲ್ಲ ಇದ್ದದ್ದು ಈ ಕ್ರಮದಲ್ಲಿ.

ಈ ಕ್ರಮ ಏನೆಂದು ಕಣ್ಣಾರೆ ನೋಡಬೇಕಿದ್ದರೆ ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಮನೆಯ ಹಿಂಭಾಗಕ್ಕೆ ಹೋಗಬೇಕು. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ, ಒಂದು ಗಾಡಿ ಹಿಡಿಸುವಷ್ಟು ಅಗಲದ ಓಣಿ ಉದ್ದಕ್ಕೂ ಸಾಗುತ್ತದೆ. ಜನ ಅದನ್ನು ‘ಕನ್ಸರ್ವೆನ್ಸಿ’ ಎನ್ನುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಶುಚಿ ಮಾಡುವವರು ಬರುತ್ತಿದ್ದ ದಾರಿ ಅದು. ಮುಂಬೀದಿಯಷ್ಟೇ ಹಿಂಬೀದಿಯನ್ನೂ ನಕ್ಷೆಯಲ್ಲಿ ಬರೆದಿದ್ದರಿಂದ ಹೊಲಸು ಮನೆಯ ಬಳಿ ಕೊಳೆಯಲಿಲ್ಲ, ರೋಗ ದೂರವಾಯಿತು. ಆದರೆ ಆ ಓಣಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದವರು ಯಾರು, ಅವರಿಗೆ ಮುಂಬೀದಿಯ ಮನೆ ದಕ್ಕಿತೇ ಎಂಬುದನ್ನು ಈ ಸ್ಮರಣೆಯಲ್ಲಿ ಮರೆಯಲಾಗದು. ಊರಿನ ಆರೋಗ್ಯ ಅವರ ಬೆನ್ನ ಮೇಲೆ ನಿಂತಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದ ಆರಂಭದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸುವವರೆಗೆ ಆ ಅನ್ಯಾಯ ನಡೆದೇ ಇತ್ತು. ಇಂದು ಆ ಓಣಿಗಳಲ್ಲಿ ಕೆಲವು ಒತ್ತುವರಿಯಾಗಿವೆ, ಕೆಲವು ಕಸ ಸುರಿಯುವ ಜಾಗಗಳಾಗಿವೆ. ಒಳಚರಂಡಿ ಕೊಳವೆ, ಮಳೆನೀರು, ನಡೆದಾಡುವ ದಾರಿ ಯಾವುದಕ್ಕಾದರೂ ಒದಗಬಲ್ಲ ಸಾರ್ವಜನಿಕ ನೆಲ ಅದು.

ಬೋರ್ಡಿನಿಂದ ಪ್ರಾಧಿಕಾರಕ್ಕೆ

ಬೆಂಗಳೂರಿಗೆ ಇಂಥದೇ ಟ್ರಸ್ಟ್ ಬೋರ್ಡ್ ಬಂದದ್ದು 1945ರಲ್ಲಿ, ಮೈಸೂರಿಗಿಂತ 42 ವರ್ಷ ತಡವಾಗಿ. ಸ್ವಾತಂತ್ರ್ಯದ ನಂತರ ರಾಜ್ಯವು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ನ್ನು ರೂಪಿಸಿತು. 1965ರಲ್ಲಿ ಅದು ಜಾರಿಗೆ ಬಂತು. ನಗರ ಮತ್ತು ಸುತ್ತಲಿನ ಹಳ್ಳಿಗಳನ್ನು ಕೂಡಿಸಿ ‘ಸ್ಥಳೀಯ ಯೋಜನಾ ಪ್ರದೇಶ’ವೆಂದು ಘೋಷಿಸಿ, ಯಾವ ನೆಲ ವಾಸಕ್ಕೆ, ಯಾವುದು ಕೈಗಾರಿಕೆಗೆ, ಯಾವುದು ಬೇಸಾಯಕ್ಕೆ ಎಂದು ಮೊದಲೇ ಗೊತ್ತುಮಾಡುವ ಅಧಿಕಾರವನ್ನು ಆ ಕಾಯ್ದೆ ಕೊಟ್ಟಿತು. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಅಡಿಯಲ್ಲಿ 1988ರಲ್ಲಿ ಮುಡಾ ರಚನೆಯಾಗಿ, ಹಳೆಯ ಬೋರ್ಡಿನ ಹೊಣೆಯನ್ನು ಹೊತ್ತುಕೊಂಡಿತು. ಪ್ರಾಧಿಕಾರ ಮಾಡುವ ಬಡಾವಣೆಯಲ್ಲಿ ಶೇ. 15ರಷ್ಟು ನೆಲವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಶೇ. 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಬಿಡಬೇಕೆಂಬ ನಿಯಮವೂ ಬಂತು. ಬೋರ್ಡಿನ ಹಿರಿಯರು ಪಾಲಿಸಿದ ಕ್ರಮ ಹೀಗೆ ಕಾನೂನಿನ ಅಕ್ಷರವಾಯಿತು.

ಈ ಬೆಳವಣಿಗೆಗೆ ಬೆಲೆ ತೆತ್ತವರು ರೈತರು. ದಟ್ಟಗಳ್ಳಿ, ಹಿನಕಲ್, ಕೆಸರೆಯಂಥ ಊರುಗಳ ಹೊಲಗಳು ಬಡಾವಣೆಗಳಾದವು. 1894ರ ಭೂಸ್ವಾಧೀನ ಕಾಯ್ದೆಯಡಿ ಜಮೀನು ಹೋದ ಕುಟುಂಬಕ್ಕೆ ಸಿಗುತ್ತಿದ್ದ ಪರಿಹಾರಕ್ಕೂ, ಅದೇ ನೆಲದಲ್ಲಿ ಮುಂದೆ ನಿವೇಶನಕ್ಕೆ ಬಂದ ಬೆಲೆಗೂ ಹೋಲಿಕೆಯೇ ಇರಲಿಲ್ಲ. 2013ರ ಹೊಸ ಕಾಯ್ದೆ ಪರಿಹಾರ ಹೆಚ್ಚಿಸಿತು. ಜಮೀನು ಕೊಟ್ಟವರಿಗೇ ಅಭಿವೃದ್ಧಿಯಾದ ನೆಲದಲ್ಲಿ ಪಾಲು ಕೊಡುವ ಪದ್ಧತಿಯೂ ಬಂತು. ಆದರೆ ಬದಲಿ ನಿವೇಶನ ಹಂಚಿಕೆಯ ವಿಚಾರವೇ 2024ರಲ್ಲಿ ತನಿಖೆ, ನ್ಯಾಯಾಲಯಗಳ ಮೆಟ್ಟಿಲೇರಿ ಪ್ರಾಧಿಕಾರದ ಹೆಸರಿಗೆ ಪೆಟ್ಟು ಬಿತ್ತು. ಜನರ ನೆಲವನ್ನು ಜನರ ಪರವಾಗಿ ಕೈಯಲ್ಲಿಟ್ಟುಕೊಳ್ಳುವ ಸಂಸ್ಥೆಗೆ ನಂಬಿಕೆಗಿಂತ ದೊಡ್ಡ ಆಸ್ತಿ ಇಲ್ಲ. ಹೊಸ ಕಾಯ್ದೆಯ ಪ್ರಾಧಿಕಾರ ಮೊದಲು ಗಳಿಸಬೇಕಾದದ್ದು ಅದನ್ನೇ.

ನಮ್ಮ ಕಡೆಯ ನೆಲ

ಮೈಸೂರಿನಿಂದ ನಂಜನಗೂಡಿಗೆ ಬರುವ ಹೆದ್ದಾರಿಯ ಇಕ್ಕೆಲ ನೋಡಿದರೆ ಯೋಜನಾ ಪ್ರದೇಶ ಇತ್ತ ಚಾಚಿದ್ದು ಏಕೆಂದು ತಿಳಿಯುತ್ತದೆ. ಮಂಡಕಳ್ಳಿಯ ವಿಮಾನ ನಿಲ್ದಾಣ, ಕಡಕೊಳ, ತಾಂಡವಪುರ, ತಾಂಡ್ಯದ ಕೈಗಾರಿಕೆಗಳು ಒಂದರ ಹಿಂದೆ ಒಂದು ಬಂದಿವೆ. ಕಾರ್ಖಾನೆ ಬಂದ ಕಡೆ ವಾಸಕ್ಕೆ ನೆಲ ಬೇಕು, ನೆಲ ಬೇಕೆಂದ ಕಡೆ ಬೆಲೆ ಏರುತ್ತದೆ. ಮೈಸೂರು–ಚಾಮರಾಜನಗರ ರೈಲು ನಮ್ಮ ಕವಲಂದೆಯಲ್ಲೂ ನಿಲ್ಲುತ್ತದೆ. ಸಂಪರ್ಕವಿರುವ ಕಡೆಗೆ ನಿವೇಶನದ ವ್ಯಾಪಾರವೂ ಬಂದೇ ಬರುತ್ತದೆ.

ಆ ವ್ಯಾಪಾರ ಬರುವ ರೀತಿ ನಮಗೆಲ್ಲ ಪರಿಚಯವೇ. ನಿನ್ನೆಯವರೆಗೆ ರಾಗಿ, ಹುರುಳಿ ಬೆಳೆದ ಎರಡು ಎಕರೆಯಲ್ಲಿ ಒಂದು ಬೆಳಗ್ಗೆ ಜೆಸಿಬಿ ಬಂದು ಬದು ಒಡೆಯುತ್ತದೆ. ಬಿಳಿ ಸುಣ್ಣದ ಗೆರೆ, ಮೂಲೆಗೊಂದು ಕಲ್ಲು, ಕೆಂಪು ಮಣ್ಣಿನ ಕಿರಿದಾದ ದಾರಿ. ಭೂಪರಿವರ್ತನೆ ಆಗಿರುವುದಿಲ್ಲ, ಬಡಾವಣೆ ನಕ್ಷೆಗೆ ಅನುಮೋದನೆ ಇರುವುದಿಲ್ಲ. ಆದರೂ ‘ರೆವಿನ್ಯೂ ಸೈಟು’ ಕೈ ಬದಲಾಗುತ್ತದೆ. ಕೂಡಿಟ್ಟ ಹಣವನ್ನೆಲ್ಲ ಸುರಿದು ಕೊಂಡ ಕುಟುಂಬ ಖಾತೆಗಾಗಿ, ನೀರಿನ ಸಂಪರ್ಕಕ್ಕಾಗಿ ಪಂಚಾಯಿತಿಗೆ ಅಲೆಯುತ್ತದೆ. ಮಳೆ ಬಂದಾಗ ಗೊತ್ತಾಗುತ್ತದೆ, ಆ ಹೊಲದ ಅಂಚಿನಲ್ಲಿ ಹಳ್ಳವೊಂದಿತ್ತೆಂದು. ಇಲ್ಲಿ ಮನೆ ಮೊದಲು, ಬೀದಿ ಆಮೇಲೆ, ಚರಂಡಿ ಎಂದೋ ಒಂದು ದಿನ. ಬೋರ್ಡು ಹಾಕಿಕೊಟ್ಟ ಕ್ರಮ ತಲೆಕೆಳಗಾಗುವುದೆಂದರೆ ಇದೇ.

ನೀರು ತನ್ನ ಜಾಗವನ್ನು ಮರೆಯುವುದಿಲ್ಲ. 2018 ಮತ್ತು 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿದಾಗ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಳುಗಿತು. ತಿ. ನರಸೀಪುರದ ಸಂಗಮದವರೆಗೆ ಕಪಿಲೆಯ ದಂಡೆಯುದ್ದಕ್ಕೂ ಇರುವವರು ಈ ಪಾಠವನ್ನು ಮತ್ತೆ ಮತ್ತೆ ಕಲಿತಿದ್ದೇವೆ.

ಹಾಗಾದರೆ ಈ ಸಂಸ್ಥೆಯ ಹಿರಿಯರನ್ನು ನಾವು ನೆನೆಯಬೇಕಾದದ್ದು ಅವರ ಕ್ರಮವನ್ನು ನಮ್ಮ ಊರುಗಳಲ್ಲಿ ಪಾಲಿಸುವ ಮೂಲಕ. ಪ್ರತಿ ಗ್ರಾಮಕ್ಕೂ ಸರ್ವೆ ಇಲಾಖೆಯ ನಕ್ಷೆ ಇದೆ. ಕೆರೆ, ಕಟ್ಟೆ, ಹಳ್ಳ, ಬಂಡಿದಾರಿ, ಗೋಮಾಳ, ಸ್ಮಶಾನ ಎಲ್ಲವೂ ಅದರಲ್ಲಿವೆ. ಗ್ರಾಮಸಭೆಗಳು ಆ ನಕ್ಷೆಯನ್ನು ಎದುರಿಗಿಟ್ಟುಕೊಂಡು ಇವನ್ನು ನೆಲದ ಮೇಲೆ ಗುರುತಿಸಲಿ, ಕಲ್ಲು ನೆಡಿಸಲಿ. ಅನುಮೋದನೆ ಇಲ್ಲದ ನಿವೇಶನ ಕೊಳ್ಳಬೇಡಿ ಎಂದು ನಮ್ಮ ಮಕ್ಕಳಿಗೆ, ನೆಂಟರಿಗೆ ಹೇಳೋಣ. ಪ್ರಾಧಿಕಾರ ಯೋಜನೆಯ ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಾಗ ಹಳ್ಳಿಯಿಂದಲೂ ಅರ್ಜಿ ಹೋಗಲಿ. ಹಾಗೆ ಮಾಡಿದರೆ ನಾಳೆ ಇಲ್ಲಿ ಬಡಾವಣೆ ಬಂದರೂ ಅದರಲ್ಲಿ ನಮ್ಮ ಹಳ್ಳ ಹರಿಯುತ್ತದೆ, ನಮ್ಮ ಮಕ್ಕಳಿಗೆ ಆಡಲು ಬಯಲು ಉಳಿಯುತ್ತದೆ, ಜಮೀನು ಕೊಟ್ಟ ರೈತನಿಗೂ ಅದರಲ್ಲಿ ನ್ಯಾಯದ ಪಾಲು ಸಿಗುತ್ತದೆ.